ಬಾಕಿ ಪುಸ್ತಕ, ಬುತ್ತಿ ಗಂಟು

ಗಂಗಾವತಿಯಲ್ಲಿ ನನ್ನದು ಬೀಜ–ಗೊಬ್ಬರದ ಅಂಗಡಿ. ಈ ವ್ಯಾಪಾರದವರಿಗೆ ರಜೆ ಯಾವಾಗ ಎಂಬುದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ತುಂಗಭದ್ರೆಯ ಎಡದಂಡೆ ಕಾಲುವೆ ಹೇಳುತ್ತದೆ. ಜಲಾಶಯ ತುಂಬಿದ ವರ್ಷ ಎರಡು ಬೆಳೆ ಭತ್ತ. ಕೈಯಲ್ಲಿ ದುಡ್ಡು ಓಡಾಡುತ್ತದೆ, ಉಸಿರಾಡಲು ಬಿಡುವಿರುವುದಿಲ್ಲ. ತುಂಬದ ವರ್ಷ ಜನವರಿಯಿಂದ ಜೂನ್‌ವರೆಗೆ ಗಲ್ಲೆಯ ಮುಂದೆ ಕುಳಿತು ನೊಣ ಹೊಡೆಯಬೇಕು. ಬಿಡುವು ಬೇಕಾದಷ್ಟು, ದುಡ್ಡು ಮಾತ್ರ ಊರೂರಿನ ಹೊಲಗಳಲ್ಲಿ ಬಾಕಿಯಾಗಿ ಬಿದ್ದಿರುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಎರಡನೇ ಬೆಳೆಗೆ ನೀರು ಬರಲಿಲ್ಲ. ನಾವು ಅತಿ ಹೆಚ್ಚು ಊರು ಸುತ್ತಿದ್ದು ಅದರ ಹಿಂದೆಯೇ ಬಂದ ಬೇಸಿಗೆಯಲ್ಲಿ. ನನ್ನ ಪ್ರವಾಸದ ಲೆಕ್ಕ ನನ್ನ ವ್ಯಾಪಾರದ ಲೆಕ್ಕಕ್ಕೆ ಹೀಗೆ ಸದಾ ಉಲ್ಟಾ.

ಅದಕ್ಕೂ ಮೊದಲು ನಾವೂ ಎಲ್ಲರ ಹಾಗೆ ಪ್ರವಾಸ ಮಾಡಿದವರೇ. ಎರಡು ಕುಟುಂಬದ ಹನ್ನೆರಡು ಜನ, ಒಂದು ಬಾಡಿಗೆ ಟೆಂಪೊ ಟ್ರಾವೆಲರ್, ಆರು ದಿನ, ಮೈಸೂರಿನಿಂದ ಹಿಡಿದು ಕೊಡೈಕೆನಾಲ್‌ವರೆಗೆ ಹದಿನಾಲ್ಕು ಜಾಗ. ಊಟಿಯ ಘಾಟಿಯಲ್ಲಿ ಮಕ್ಕಳು ಸರದಿಯ ಮೇಲೆ ವಾಂತಿ ಮಾಡಿದವು. ಹೆಂಡತಿಗೆ ಮೂರನೆಯ ದಿನ ಜ್ವರ. ಅವ್ವ ಗಾಡಿಯಿಂದ ಇಳಿಯುವುದನ್ನೇ ಬಿಟ್ಟಳು. ಊರಿಗೆ ಬಂದ ಮೇಲೆ ನೆರೆಯವರು "ಏನು ನೋಡಿದಿರಿ ಅಮ್ಮಾ?" ಎಂದು ಕೇಳಿದರೆ, "ಗಾಡಿ ನಿಲ್ಲಿಸುವ ಜಾಗಗಳನ್ನೆಲ್ಲ ನೋಡಿದೆ" ಎಂದಳು. ಆ ಪ್ರವಾಸಕ್ಕೆ ಮಾಡಿದ ಸಾಲ ತೀರಲು ಒಂದು ಬೆಳೆ ಹಿಡಿಯಿತು. ಆಮೇಲೆ ಎರಡು ವರ್ಷ ನಮ್ಮ ಮನೆಯಲ್ಲಿ ಪ್ರವಾಸದ ಮಾತನ್ನು ಯಾರೂ ಎತ್ತಲಿಲ್ಲ.

ಮತ್ತೆ ಶುರುವಾದದ್ದು ಮಸ್ಕಿಯಲ್ಲಿ, ಅದೂ ಪ್ರವಾಸವೆಂದಲ್ಲ. ಕಾರಟಗಿಯ ಹತ್ತಿರ ಗುತ್ತಿಗೆಗೆ ಗದ್ದೆ ಮಾಡಿ, ನಷ್ಟವಾಗಿ ಮಸ್ಕಿ ಕಡೆಯ ಸ್ವಂತ ಊರಿಗೆ ಮರಳಿದ ಒಬ್ಬ ಯಜಮಾನರಿಂದ ನನಗೆ ಬಾಕಿ ಬರಬೇಕಿತ್ತು. ಬಿಸಿಲೇರುವ ಮೊದಲು ಅವರನ್ನು ಮನೆಯಲ್ಲೇ ಹಿಡಿಯಬೇಕೆಂದು ನಸುಕಿನಲ್ಲಿ ಕಾರು ತೆಗೆದೆ. ಸಿಂಧನೂರಿನ ತಂಗಿಯ ಮನೆಗೆ ಹೋಗಬೇಕೆಂದು ಅವ್ವ ಬುತ್ತಿ ಕಟ್ಟಿಕೊಂಡು ಜೊತೆಗೆ ಹೊರಟಳು. ಸಿಂಧನೂರಿಗೆ ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. "ಇಷ್ಟು ಹೊತ್ತಿಗೆ ಯಾರ ಬಾಗಿಲು ಬಡಿಯುವುದು, ನಿನ್ನ ಕೆಲಸ ಮುಗಿಸಿಕೊಂಡೇ ಬರೋಣ ನಡೆ" ಎಂದಳು. ಮಸ್ಕಿಗೆ ಬಂದರೆ ಯಜಮಾನರು ಹೊಲಕ್ಕೆ ಹೋಗಿದ್ದಾರೆ, ಬರುವುದು ಹತ್ತಕ್ಕೆ ಎಂದರು. ಹದಿನೈದು ವರ್ಷದಿಂದ ಆ ಊರಿಗೆ ಹೋಗಿ ಬರುತ್ತಿದ್ದೆ. ಅಶೋಕನ ಶಾಸನದ ಫಲಕವನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೆ. ಶಾಸನವನ್ನು ಒಮ್ಮೆಯೂ ನೋಡಿರಲಿಲ್ಲ. ಹೊತ್ತು ಕಳೆಯಬೇಕಲ್ಲ ಎಂದು ಗುಡ್ಡದ ಕಡೆ ಕಾರು ತಿರುಗಿಸಿದೆ.

ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರಗಳು ಸಾಲಾಗಿವೆ, ಭಾಷೆ ಪ್ರಾಕೃತ. ಇದನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅದುವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ರಾಜನನ್ನು 'ದೇವಾನಾಂಪಿಯ', 'ಪಿಯದಸಿ' ಎಂದಷ್ಟೇ ಕರೆದಿತ್ತು. ಆ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಕಲ್ಲು. ಬೀಡನ್ ಚಿನ್ನ ಹುಡುಕಿಕೊಂಡು ಬಂದವನು, ನಾನು ಬಾಕಿ ಹುಡುಕಿಕೊಂಡು ಬಂದವನು ಎಂದು ನನ್ನಷ್ಟಕ್ಕೆ ನಕ್ಕೆ. ಅವ್ವ ಮಾತ್ರ ಆ ಅಕ್ಷರಗಳನ್ನು ಬಹಳ ಹೊತ್ತು ನೋಡುತ್ತ ನಿಂತಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. "ಏನು ಬರೆದಿದೆ ತಮ್ಮಾ?" ಎಂದಳು. "ನನಗೂ ಓದಲು ಬರುವುದಿಲ್ಲ ಅವ್ವಾ" ಎಂದೆ. "ಹಾಗಾದರೆ ಇವತ್ತು ನೀನೂ ನನ್ನ ಹಾಗೆಯೇ" ಎಂದು ಅಲ್ಲೇ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಆರು ದಿನದ ಪ್ರವಾಸದಲ್ಲಿ ಅವಳು ಒಮ್ಮೆಯೂ ಅಷ್ಟು ನೆಮ್ಮದಿಯಾಗಿ ಕುಳಿತದ್ದನ್ನು ನಾನು ಕಂಡಿರಲಿಲ್ಲ.

ಹತ್ತಕ್ಕೆ ಯಜಮಾನರ ಮನೆಗೆ ಹೋದೆವು. ನಾನೊಬ್ಬನೇ ಹೋದಾಗ ಬಾಗಿಲಲ್ಲೇ ಮುಗಿಯುತ್ತಿದ್ದ ಮಾತು ಅಂದು ಪಡಸಾಲೆಗೆ ಬಂದಿತು. "ದೊಡ್ಡವರನ್ನು ಕರೆದುಕೊಂಡು ಬಂದಿದ್ದೀರಿ ಸಾಹುಕಾರರೆ, ಒಳಗೆ ಬನ್ನಿ" ಎಂದರು. ಅವ್ವ ಅವರೊಡನೆ ಮಳೆಯ ಮಾತಾಡಿದಳು, ಸೊಸೆಗೆ ಹೆರಿಗೆ ಯಾವಾಗ ಎಂದು ಕೇಳಿದಳು, ಬಾಕಿಯ ಮಾತು ಆಡಲೇ ಇಲ್ಲ. ಹೊರಡುವಾಗ ಅವರೇ ನಾಲ್ಕು ಸಾವಿರ ತಂದು ಕೈಯಲ್ಲಿಟ್ಟರು. ಅಂದಿನಿಂದ ವಸೂಲಿಗೆ ನಾನು ಒಬ್ಬನೇ ಹೋಗುವುದನ್ನು ಬಿಟ್ಟೆ.

ಈಗ ಮನೆಯ ಪದ್ಧತಿ ಹೀಗಿದೆ. ಬಾಕಿ ಪುಸ್ತಕ ತೆರೆದು ಯಾವ ದಿಕ್ಕಿಗೆ ಹೋಗಬೇಕೆಂದು ನಾನು ಹೇಳುತ್ತೇನೆ. ಆ ದಿಕ್ಕಿನಲ್ಲಿ ಏನು ನೋಡಬೇಕೆಂದು ಪಿಯುಸಿ ಓದುವ ಮಗಳು ಹೇಳುತ್ತಾಳೆ. ಬುತ್ತಿಯಲ್ಲಿ ಏನಿರಬೇಕೆಂಬುದು ಅತ್ತೆ–ಸೊಸೆಯ ಖಾತೆ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ನಸುಕಿನ ನಾಲ್ಕೂವರೆಗೆ ಕಾರು ಓಣಿ ದಾಟಿರಬೇಕು. ನಾಲ್ಕೂವರೆ ಎಂಬುದು ಹಟಕ್ಕೆ ಹುಟ್ಟಿದ ಹೊತ್ತಲ್ಲ, ರಾಯಚೂರಿನಲ್ಲಿ ಪೆಟ್ಟು ತಿಂದು ಕಲಿತದ್ದು. ಒಂದು ಏಪ್ರಿಲ್‌ನಲ್ಲಿ ಏಳಕ್ಕೆ ಎದ್ದು, ಎಂಟಕ್ಕೆ ಹೊರಟು, ದಾರಿಯಲ್ಲಿ ಒಗ್ಗರಣೆ–ಮಿರ್ಚಿ ತಿಂದು, ಕೋಟೆಯ ಮುಂದೆ ನಿಂತಾಗ ಹನ್ನೊಂದೂವರೆ. ಅಲ್ಲಿ 1294ರ ಶಾಸನವಿರುವ ಭಾರಿ ಉದ್ದದ ಒಂದು ಕಲ್ಲಿದೆ. ಅದನ್ನು ಗಾಡಿಯ ಮೇಲಿಟ್ಟು ಕೋಣಗಳಿಂದ ಎಳೆಸಿ ತಂದ ಚಿತ್ರವನ್ನೂ ಗೋಡೆಯಲ್ಲಿ ಗೀರಿದ್ದಾರೆ. ಲಾರಿ ಬಾಡಿಗೆ ಕೊಟ್ಟು ಗೊಬ್ಬರ ತರಿಸುವ ನನಗೆ ಅಷ್ಟು ದೊಡ್ಡ ಕಲ್ಲಿನ ಸಾಗಣೆಗೆ ಎಷ್ಟು ಖರ್ಚಾಗಿರಬಹುದೆಂದು ನಿಂತು ಲೆಕ್ಕ ಹಾಕುವ ಆಸೆಯಿತ್ತು. ಆದರೆ ನೆಲ ಕಾದ ಹಂಚಿನಂತಿತ್ತು. ಹತ್ತು ನಿಮಿಷದಲ್ಲಿ ಎಲ್ಲರೂ ಕಾರಿನೊಳಗೆ. ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಬೇಸಿಗೆಯ ದಿನ ಮುಗಿಯುವುದು ಬೆಳಗಿನ ಹತ್ತಕ್ಕೆ. ಆಮೇಲೆ ಉಳಿಯುವುದು ಬಿಸಿಲು ಮಾತ್ರ.

ಬೇಗ ಹೊರಟೆವೆಂದು ಕತ್ತಲಲ್ಲೇ ಗುಡ್ಡ ಹತ್ತುವುದಿಲ್ಲ. ಗಂಗಾವತಿ, ಆನೆಗೊಂದಿ ಸುತ್ತಿನ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಹಿರೇಬೆಣಕಲ್ಲಿಗೆ ಹೋದಾಗ ಊರಿನವರೊಬ್ಬರು, "ಮುಖ ಕಾಣುವಷ್ಟು ಬೆಳಕಾಗಲಿ, ಆಮೇಲೆ ಹತ್ತಿರಿ" ಎಂದು ತಡೆದರು. ಕಾರಿನಲ್ಲೇ ಮುಕ್ಕಾಲು ಗಂಟೆ ಕುಳಿತೆವು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ದಾರಿಯಲ್ಲಿ ಕರಡಿಯ ಹಿಕ್ಕೆ ಇನ್ನೂ ಹಸಿಯಾಗಿತ್ತು. ಅವ್ವನ ಮೊಣಕಾಲು ಒಪ್ಪದೆ ಅವಳು ಊರಲ್ಲೇ ಒಂದು ಕಟ್ಟೆಯ ಮೇಲೆ ಉಳಿದಳು. ಮೇಲೆ ನೂರಾರು ಕಲ್ಲಿನ ಮನೆಗಳು. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಮುಚ್ಚಿ, ಕೆಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಅವು ಶಿಲಾಯುಗ ದಾಟಿ ಕಬ್ಬಿಣ ಬಳಸುತ್ತಿದ್ದ ಕಾಲದ ಜನರ ಸಮಾಧಿಯ ಗುಡಾರಗಳು. ನಮ್ಮ ಕಡೆಯವರು 'ಮೊರೇರ ಮನೆ' ಎನ್ನುತ್ತಾರೆ. ಮೊರೇರೆಂದರೆ ಗೇಣುದ್ದದ ಕುಳ್ಳರು ಎಂದು ಅವ್ವ ನನಗೆ ಚಿಕ್ಕಂದಿನಲ್ಲಿ ಕಥೆ ಹೇಳಿದ್ದಳು. ಅಲ್ಲೊಂದು ಬಂಡೆಯ ಮೇಲೆ ನಗಾರಿಯ ಆಕಾರದ ಗುಂಡುಕಲ್ಲಿದೆ, ಬಡಿದರೆ ನಗಾರಿಯಂತೆಯೇ ದನಿ ಕೊಡುತ್ತದೆ. ಇಳಿದು ಬಂದಾಗ ಅವ್ವ ಕಟ್ಟೆಯ ಮೇಲೆ ಮೂವರು ಹೆಂಗಸರನ್ನು ಕೂಡಿಸಿಕೊಂಡು ಕುಳ್ಳರ ಕಥೆಯ ನಾಲ್ಕು ಪಾಠಾಂತರಗಳನ್ನು ಸಂಗ್ರಹಿಸಿದ್ದಳು. ನಾವು ಮೇಲೆ ನೋಡಿದ್ದಕ್ಕಿಂತ ಅದೇ ಹೆಚ್ಚಿತ್ತೇನೋ.

ಬುತ್ತಿಯ ವಿಷಯದಲ್ಲಿ ಒಂದು ಉಪಾಯವನ್ನು ಹೇಳಲೇಬೇಕು. ಮೊಸರನ್ನ ಕಟ್ಟಿಕೊಂಡು ಹೋದರೆ ನಮ್ಮ ಸೆಖೆಗೆ ಒಂಬತ್ತಕ್ಕೇ ಹುಳಿ ಬರುತ್ತದೆ. ಹೆಂಡತಿ ಅನ್ನವನ್ನು ಮೆತ್ತಗೆ ಮಾಡಿ ಆರಿಸಿ, ಕಾಸಿ ಆರಿಸಿದ ಹಾಲು ಸುರಿದು, ಒಂದು ಚಮಚ ಮೊಸರನ್ನಷ್ಟೇ ಹೆಪ್ಪು ಹಾಕುತ್ತಾಳೆ. ಹೆಪ್ಪಾಗುವ ಕೆಲಸವನ್ನು ದಾರಿಯ ಬಿಸಿಯೇ ಮಾಡುತ್ತದೆ, ಉಣ್ಣುವ ಹೊತ್ತಿಗೆ ಹದವಾಗಿ ಮೊಸರಾಗಿರುತ್ತದೆ. ರೊಟ್ಟಿ ಖಡಕ್ ಆಗಿದ್ದಷ್ಟೂ ಒಳ್ಳೆಯದು. ಮೆತ್ತನೆಯ ರೊಟ್ಟಿ ಡಬ್ಬಿಯಲ್ಲಿ ಬೆವರುತ್ತದೆ. ನೀರು ತಲೆಗೆ ಮೂರು ಲೀಟರ್, ಅದರ ಮೇಲೆ ಕಾರಿಗೊಂದು ಕ್ಯಾನ್. ಉಳಿದದ್ದು ಅವರವರ ಇಷ್ಟ.

ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್ ಎಲ್ಲರೂ ಇಡುತ್ತಾರೆ. ನಾನು ಒಂದು ಕುಡುಗೋಲು ಕೂಡ ಇಡುತ್ತೇನೆ. ನೋಡಿದವರು ನಗುತ್ತಾರೆ. ಒಂದು ಜನವರಿಯಲ್ಲಿ ಕುಷ್ಟಗಿ ದಾಟಿ ಒಳದಾರಿ ಹಿಡಿದಿದ್ದೆವು. ಕಣ ಮಾಡುವವರು ಕಡಿಮೆಯಾಗಿ ಈಗ ಡಾಂಬರು ರಸ್ತೆಯೇ ಕಣ. ಫರ್ಲಾಂಗು ಉದ್ದಕ್ಕೆ ಹುರುಳಿ ಬಳ್ಳಿ ಹಾಸಿದ್ದರು, ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಎಂದು. ನಾನೂ ರೈತರ ಅನ್ನ ತಿನ್ನುವವನು, ಹೋಗಲಿ ಎಂದು ಅದರ ಮೇಲೆಯೇ ಓಡಿಸಿದೆ. ಎರಡು ಕಿಲೋಮೀಟರ್ ಆಗಿರಬೇಕು, ಏನೋ ಸುಟ್ಟ ವಾಸನೆ. ಹಿಂದಿನಿಂದ ಬೈಕಿನಲ್ಲಿ ಬಂದ ಹುಡುಗನೊಬ್ಬ "ಸರ್, ಕೆಳಗೆ ಹೊಗೆ, ಎಲ್ಲರೂ ಇಳಿಯಿರಿ" ಎಂದು ಕೂಗಿದ. ನೋಡಿದರೆ ಬಳ್ಳಿ ಆಕ್ಸಲ್‌ಗೆ ಹಗ್ಗದಂತೆ ಸುತ್ತಿಕೊಂಡು ಬಿಸಿಗೆ ಕರಿಕಾಗುತ್ತಿತ್ತು. ಕುಡಿಯುವ ನೀರನ್ನೆಲ್ಲ ಸುರಿದೆವು. ಪಕ್ಕದ ಹೊಲದವರು ಕೊಟ್ಟ ಕುಡುಗೋಲಿನಿಂದ ಆ ಹುಡುಗನೇ ಕಾರಿನ ಕೆಳಗೆ ಮಲಗಿ ಬಳ್ಳಿ ಕೊಯ್ದು ತೆಗೆದ. ಹೀಗೆ ಕಾರುಗಳು ಪೂರ್ತಿ ಸುಟ್ಟುಹೋದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೆ. ಓದಿದ್ದು ನೆನಪಾದದ್ದು ಹೊಗೆ ಬಂದ ಮೇಲೆ. ಈಗ ಹುರುಳಿ ಕಂಡರೆ ಇಳಿದು, ಯಾರಾದರೂ ಇದ್ದರೆ ಕೇಳಿ, ಸ್ವಲ್ಪ ಸರಿಸಿಕೊಂಡೇ ಮುಂದೆ ಹೋಗುತ್ತೇನೆ. ಭತ್ತ, ಜೋಳದ ರಾಶಿಯಾದರೆ ಅಷ್ಟು ಭಯವಿಲ್ಲ, ಆದರೆ ರಾಶಿಯ ಅಂಚಿಗೆ ಇಟ್ಟ ಕಲ್ಲುಗಳು ನಸುಕಿನಲ್ಲಿ ಕಾಣುವುದಿಲ್ಲ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳೂ ಅಷ್ಟೇ. ಅದಕ್ಕಾಗಿ ಬೆಳಕು ಹರಿಯುವ ತನಕ ನನ್ನ ವೇಗ ಐವತ್ತು ದಾಟುವುದಿಲ್ಲ. ಮಳೆಗಾಲದಲ್ಲಂತೂ ಎರೆ ನೆಲದ ಒಳದಾರಿ ಬೇಡವೇ ಬೇಡ. ಆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡರೆ ಟ್ರ್ಯಾಕ್ಟರ್ ಬಂದು ಎಳೆಯುವ ತನಕ ಅಲ್ಲೇ ಗೂಟ.

ಒಂದು ದಿನಕ್ಕೆ ಒಂದೇ ಊರು ಎಂಬುದು ನನ್ನ ಹಟ. ಹದಿನಾಲ್ಕು ಜಾಗದ ಪ್ರವಾಸ ಮಾಡಿ ಬಂದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿಗೆ ಇದು ಸರಿಬರುವುದಿಲ್ಲ. ಇಟಗಿಗೆ ಹೋದಾಗ, "ಇಷ್ಟು ಹತ್ತಿರ ಬಂದು ಕುಕನೂರಿನ ನವಲಿಂಗನ ಗುಡಿ ಬಿಟ್ಟು ಹೋಗುವುದು ಯಾವ ನ್ಯಾಯ?" ಎಂದಳು. ನ್ಯಾಯ ಅವಳದೇ ಇತ್ತು, ಆದರೂ ಹೋಗಲಿಲ್ಲ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಹೊಗಳುತ್ತದೆ. ಹೊಗಳಿಕೆ ಎಂದರೆ ಸಾಮಾನ್ಯವಾಗಿ ನಾನು ಅರ್ಧ ರಿಯಾಯಿತಿ ಕಳೆದು ಕೇಳುವವನು, ಗೊಬ್ಬರದ ಕಂಪನಿಯವರ ಮಾತು ಕೇಳಿ ಬಂದ ಅಭ್ಯಾಸ. ಇಲ್ಲಿ ಕಳೆಯಲು ಏನೂ ಸಿಗಲಿಲ್ಲ. ಆರೂವರೆಯ ಓರೆ ಬಿಸಿಲಿನಲ್ಲಿ ಕಂಬಗಳ ಒಂದೊಂದು ಅಂಚೂ ಎದ್ದು ಕಾಣುತ್ತಿತ್ತು. ಒಂಬತ್ತಕ್ಕೆ ಬಿಸಿಲು ನೆತ್ತಿಯ ಕಡೆ ಬಂದಂತೆ ಅದೇ ಕೆತ್ತನೆ ಚಪ್ಪಟೆಯಾಯಿತು. ಎರಡೂವರೆ ಗಂಟೆ ಒಂದೇ ಕಡೆ ಕುಳಿತದ್ದಕ್ಕೆ ಅದು ಕಂಡಿತು. ಕುಕನೂರಿಗೆ ಮುಂದಿನ ತಿಂಗಳು ಬೇರೆಯಾಗಿಯೇ ಹೋದೆವು. ಆ ಕಡೆ ಯಾರ ಬಾಕಿಯೂ ಇರಲಿಲ್ಲ, ಆದ್ದರಿಂದ ಪೆಟ್ರೋಲ್ ಖರ್ಚು ಹೆಂಡತಿಯ ಲೆಕ್ಕಕ್ಕೆ ಬರೆದೆ. ಅವಳು ಇನ್ನೂ ಕೊಟ್ಟಿಲ್ಲ.

ಮಸ್ಕಿಯಾದ ಮೇಲೆ ಮಗಳಿಗೆ ಅಶೋಕನ ಹುಚ್ಚು ಹಿಡಿಯಿತು. ಕೊಪ್ಪಳದಲ್ಲಿ ಎರಡು ಶಾಸನಗಳಿವೆ. ಒಂದು ಗವಿಮಠದಲ್ಲಿ. ಜನವರಿಯ ಜಾತ್ರೆಗೆ ಪ್ರತಿ ವರ್ಷ ಹೋಗಿ ಮಹಾದಾಸೋಹದಲ್ಲಿ ರೊಟ್ಟಿ ಉಂಡು ಬಂದಿದ್ದೆವು, ಮೇಲಿನ ಬಂಡೆಯಲ್ಲಿ ಹೀಗೊಂದಿದೆ ಎಂದು ನಾನು ತಲೆ ಎತ್ತಿ ನೋಡಿರಲಿಲ್ಲ. ಇನ್ನೊಂದು ಪಾಲ್ಕಿಗುಂಡಿನಲ್ಲಿ, ಎರಡು ಬಂಡೆಗಳ ಮೇಲೆ ಚಪ್ಪಡಿಯೊಂದು ಪಲ್ಲಕ್ಕಿಯ ಹಾಗೆ ಕುಳಿತಿದೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿ ಮತ್ತೆರಡು. ಅಲ್ಲಿಯೂ ಅಶೋಕ ಎಂಬ ಹೆಸರು ಬಂದಿದೆ. ಐದು ಶಾಸನ, ಐದು ಬೆಳಗು, ಮುಗಿಸಲು ಎರಡು ವರ್ಷ ಹಿಡಿಯಿತು. ನಡುವೆ 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸಿ ನೀರು ನಿಲ್ಲಿಸುವ ತನಕ ನಮ್ಮ ಬೀದಿಯ ಅಂಗಡಿಯವರಿಗೆ ಊಟ ಸೇರಲಿಲ್ಲ. ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು, ವ್ಯಾಪಾರ ನಡೆಯಿತು, ಪ್ರವಾಸ ನಿಂತಿತು. ಉಡೇಗೋಳ ಹಾಗಾಗಿ ಮರುವರ್ಷಕ್ಕೆ ಬಿತ್ತು.

ಕಳೆದ ತಿಂಗಳು ಮಸ್ಕಿಯ ಯಜಮಾನರು ತಾವೇ ಅಂಗಡಿಗೆ ಬಂದರು. ಮಗನಿಗೆ ಕೆಲಸ ಸಿಕ್ಕಿದೆಯಂತೆ. ಉಳಿದ ಬಾಕಿಯನ್ನೆಲ್ಲ ಎಣಿಸಿಕೊಟ್ಟು, ಪುಸ್ತಕದಲ್ಲಿ ತಮ್ಮ ಹೆಸರಿನ ಮೇಲೆ ಗೀಟು ಎಳೆಸಿ, ಅವ್ವನಿಗೆಂದು ಒಂದು ಚೀಲ ಸಜ್ಜೆ ಕೊಟ್ಟು ಹೋದರು. ಸಂಜೆ ಮನೆಯಲ್ಲಿ ಸಂತೋಷದಿಂದ ಹೇಳಿದೆ. ಅವ್ವನ ಮುಖ ಸಪ್ಪಗಾಯಿತು.

"ಪೂರ್ತಿ ಕೊಟ್ಟರೇ?"

"ಪೂರ್ತಿ."

"ಇನ್ನು ಆ ಕಡೆ ಯಾರದೂ ಬಾಕಿ ಇಲ್ಲವೇ ತಮ್ಮಾ?"

ಪುಸ್ತಕ ತಿರುವಿ ನೋಡಿದೆ. ಲಿಂಗಸುಗೂರು ದಾಟಿ ಕೃಷ್ಣೆಯ ಕಡೆ ಒಬ್ಬರದು 6,200 ರೂಪಾಯಿ ಇದೆ. ಅಲ್ಲಿಂದ ಜಲದುರ್ಗ ದೂರವಿಲ್ಲ ಎಂದು ಮಗಳು ಆಗಲೇ ಮೊಬೈಲ್ ತೆರೆದಿದ್ದಳು. ಹೆಂಡತಿ ಹಾಲು ಕಾಸಲು ಎದ್ದಳು.