ಡಾನ್ ಬೈರನ್ ಬೆನ್ನು ಹಿಡಿದು ಕ್ಲೆಜ್ಮರ್ ಕಲಿತದ್ದು

ಕರ್ನಾಟಕ ಸಂಗೀತದಲ್ಲಿ ಕ್ಲಾರಿನೆಟ್ ಕಲಿತ ನನಗೆ ಪೂರ್ವ ಯುರೋಪಿನ ಯಹೂದಿಗಳ ಮದುವೆ ಸಂಗೀತವಾದ ಕ್ಲೆಜ್ಮರ್ ಹುಚ್ಚು ಹಿಡಿಸಿದವರು ಡಾನ್ ಬೈರನ್. ನ್ಯೂಯಾರ್ಕಿನ ಬ್ರಾಂಕ್ಸ್‌ನ ಕಪ್ಪು ಕ್ಲಾರಿನೆಟ್ ಕಲಾವಿದ. ತಂದೆ ಕೆರಿಬಿಯನ್ ದ್ವೀಪಗಳ ಕ್ಯಾಲಿಪ್ಸೊ ಸಂಗೀತದ ತಂಡಗಳಲ್ಲಿ ಬಾಸ್ ನುಡಿಸಿದವರು, ತಾಯಿ ಪಿಯಾನೊ ವಾದಕಿ. 1980ರಲ್ಲಿ ಹ್ಯಾಂಕಸ್ ನೆಟ್‌ಸ್ಕಿ ಬಾಸ್ಟನ್‌ನಲ್ಲಿ ಕಟ್ಟಿದ ಕ್ಲೆಜ್ಮರ್ ಕನ್ಸರ್ವೇಟರಿ ಬ್ಯಾಂಡಿನಲ್ಲಿ ಬೈರನ್ ಈ ಸಂಗೀತವನ್ನು ಅರಗಿಸಿಕೊಂಡರು. 1993ರಲ್ಲಿ ಮಿಕಿ ಕಾಟ್ಜ್ ಸಂಗೀತಕ್ಕೇ ಮೀಸಲಾದ ಆಲ್ಬಮ್ ತಂದರು. ಆ ಯಹೂದಿಗಳ ಭಾಷೆಯಾದ ಯಿಡ್ಡಿಷ್ ಬೆರೆಸಿದ ಅಣಕು ಹಾಡುಗಳ ಹಾಸ್ಯಗಾರನೆಂದೇ ಕಾಟ್ಜ್ ಹೆಸರಾಗಿದ್ದರು; ಆ ನಗೆಯ ಅಡಿಯಲ್ಲಿದ್ದ ಬಿರುಸಾದ, ಕರಾರುವಾಕ್ಕಾದ ವಾದನ ಬೈರನ್ ಕಿವಿಗೆ ಬಿದ್ದಿತ್ತು. ನಾನು ಆ ಆಲ್ಬಮ್ಮಿನಿಂದಲೇ ಶುರು ಮಾಡಿದೆ.

ಸ್ವರಸ್ಥಾನಗಳು ಸುಲಭವಾಗಿ ದಕ್ಕಿದವು. ಕ್ಲೆಜ್ಮರ್‌ನವರ ಫ್ರೇಗಿಶ್ ಎಂಬ ಸ್ವರಶ್ರೇಣಿ ಎಂದರೆ ನಮ್ಮ ವಕುಳಾಭರಣ ರಾಗದ ಸ್ವರಗಳು. ಮಿಶೆಬೆರಖ್ ಎಂಬ ಇನ್ನೊಂದು ಶ್ರೇಣಿ ಎಂದರೆ ಹೇಮವತಿಯವು. ಆದರೆ ಫ್ರೇಗಿಶ್‌ನಲ್ಲಿ ಷಡ್ಜದಿಂದ ಕೆಳಗಿಳಿದಾಗ ಶುದ್ಧ ಧೈವತದ ಜಾಗದಲ್ಲಿ ಅನೇಕ ಸಲ ಅದಕ್ಕಿಂತ ಮೇಲಿನ ಚತುಶ್ರುತಿ ಧೈವತ ಬರುತ್ತದೆ. ರಿಷಭವನ್ನು ನಮ್ಮ ರೂಢಿಯಂತೆ ತೂಗಿದರಂತೂ ಮದುವೆಮನೆ ಹೋಗಿ ಕಛೇರಿ ಬಂದು ಕೂರುತ್ತದೆ. ಹೀಗಾಗಿ ಸ್ವರಗಳನ್ನು ತೂಗುವ ಗಮಕವನ್ನೆಲ್ಲ ಕಳಚಿಟ್ಟು ಮೊದಲು ಬೋಳು ಸ್ವರಗಳನ್ನೇ ನುಡಿಸಿದೆ. ಆಮೇಲೆ ಕ್ರೆಖ್ತ್ಸ್ ಎಂಬ ಬಿಕ್ಕಿನ ಅಲಂಕಾರ ಹಿಡಿದೆ: ಸ್ವರ ಮುಗಿಯುವ ಹೊತ್ತಿಗೆ ಬೆರಳನ್ನು ಮಿಂಚಿನಂತೆ ಎತ್ತಿ ಮೇಲಿನ ಸ್ವರವನ್ನು ಸೋಕಬೇಕು, ಅದೇ ಕ್ಷಣ ಗಂಟಲಲ್ಲೇ ಉಸಿರನ್ನು ತಡೆಯಬೇಕು. ಬಿಕ್ಕಿದಂತೆ ಕೇಳಿಸಿದರೆ ಸರಿ. ಬೆರಳು ಬೇಗ ಕಲಿಯಿತು. ಗಂಟಲು ಬಹಳ ಸತಾಯಿಸಿತು. ಬುಲ್ಗರ್ ಎಂಬ ಕ್ಲೆಜ್ಮರ್ ಕುಣಿತದ ನಡೆ ಮೂರು, ಮೂರು, ಎರಡು. ‘ತಕಿಟ ತಕಿಟ ತಕ’ ಎಂದು ಬಾಯಲ್ಲಿ ಹೇಳಿಕೊಂಡೇ ಕೂರಿಸಿಕೊಂಡೆ.

ಕಪ್ಪು ಜನ ಯಹೂದಿ ಸಂಗೀತ ನುಡಿಸಿದ್ದನ್ನು ಬರೆಯುವವರು ನೊಂದವರ ಬಾಂಧವ್ಯದ ಮಾತಿಗೇ ಬೇಗ ಜಾರುತ್ತಾರೆ. ಬಾಂಧವ್ಯ ಇತ್ತು ನಿಜ. 1949ರಲ್ಲಿ ಮಾಸ್ಕೋದ ವೇದಿಕೆಯಲ್ಲಿ ಅಮೆರಿಕದ ಕಪ್ಪು ಗಾಯಕ ಪಾಲ್ ರೋಬ್ಸನ್ ಯಹೂದಿ ಪ್ರತಿರೋಧದ ಗೀತೆಯನ್ನು ಯಿಡ್ಡಿಷ್‌ನಲ್ಲೇ ಹಾಡಿದ್ದು ಬರಿಯ ಗಾಯನವಲ್ಲ. ಆದರೆ ಕಲಿಯಹೊರಟ ನನಗೆ ದಾರಿ ತೋರಿಸಿದ್ದು ಇವರ ಕಸುಬುದಾರಿಕೆ. ‘ಬೈ ಮಿರ್ ಬಿಸ್ತು ಶೇನ್’ ಹಾಡನ್ನೇ ನೋಡಿ. ಶೋಲೋಮ್ ಸೆಕುಂಡಾ 1932ರಲ್ಲಿ ಯಿಡ್ಡಿಷ್ ಸಂಗೀತ ನಾಟಕವೊಂದಕ್ಕೆ ಕಟ್ಟಿದ ಮಟ್ಟು ಅದು. ನ್ಯೂಯಾರ್ಕಿನ ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ ಜಾನಿ ಮತ್ತು ಜಾರ್ಜ್ ಎಂಬ ಕಪ್ಪು ಗಾಯಕರ ಜೋಡಿ ಅದನ್ನು ಯಿಡ್ಡಿಷ್‌ನಲ್ಲೇ ಹಾಡಿ ಸಭೆಯನ್ನು ಕುಣಿಸಿದ್ದನ್ನು ತಾವು ಕಂಡುದಾಗಿ ಗೀತಕಾರ ಸ್ಯಾಮಿ ಕಾನ್ ಹೇಳಿಕೊಂಡಿದ್ದಾರೆ. ಕಾನ್ ಜೊತೆಗಾರರೊಡನೆ ಇಂಗ್ಲಿಷ್ ಸಾಹಿತ್ಯ ಬರೆದರು, 1937ರಲ್ಲಿ ಆಂಡ್ರ್ಯೂಸ್ ಸಹೋದರಿಯರ ಕಂಠದಲ್ಲಿ ಅದು ಲೋಕಪ್ರಸಿದ್ಧವಾಯಿತು. ಸೆಕುಂಡಾ ಹಕ್ಕುಗಳನ್ನು ಮಾರಿದ್ದು 30 ಡಾಲರಿಗೆ!

ಈ ಮಟ್ಟನ್ನು ನಾನು ಎರಡು ಬಗೆಯಾಗಿ ಸಾಧನೆ ಮಾಡುತ್ತೇನೆ: ಒಮ್ಮೆ ಜಾಝ್‌ನ ಸ್ವಿಂಗ್ ಲಯದಲ್ಲಿ, ಒಮ್ಮೆ ಬುಲ್ಗರ್ ನಡೆಯಲ್ಲಿ. ಸ್ವಿಂಗ್‌ನಲ್ಲಿ ಕ್ರೆಖ್ತ್ಸ್ ಕಡಿಮೆ ಮಾಡಿದಷ್ಟೂ ಚೆನ್ನ.

ಈಚೆಗೆ ದೋಯ್ನಾ ಎಂಬ ಕ್ಲೆಜ್ಮರ್ ಪ್ರಕಾರ ಕೈಗೆತ್ತಿಕೊಂಡಿದ್ದೇನೆ. ಅದಕ್ಕೆ ತಾಳದ ಕಟ್ಟಿಲ್ಲ, ನಮ್ಮ ಆಲಾಪನೆಯ ನೆರೆಯದು. ಆದ್ದರಿಂದಲೇ ಹಳೆಯ ಗಮಕಗಳು ಸದ್ದಿಲ್ಲದೆ ನುಸುಳುತ್ತವೆ. ಇಲ್ಲಿ ಬೈರನ್ ಅವರನ್ನು ಪಕ್ಕಕ್ಕಿಟ್ಟು, ಹಳೆಯ ಕ್ಲೆಜ್ಮರ್ ಕ್ಲಾರಿನೆಟ್ ವಾದಕ ನಾಫ್ತುಲೆ ಬ್ರಾಂಡ್‌ವೈನ್ 1920ರ ದಶಕದಲ್ಲಿ ಮುದ್ರಿಸಿದ ತಟ್ಟೆಗಳನ್ನು ಅರ್ಧ ವೇಗಕ್ಕಿಳಿಸಿ ಒಂದೊಂದೇ ಸಾಲು ಕೇಳುತ್ತಿದ್ದೇನೆ.