ಎರಡು ಗೂಟಗಳ ನಡುವೆ: ಮೊಲದ ಬೇಟೆಯಲ್ಲಿ ನನ್ನ ಅನುಭವ

ಆ ಮೊಲ ನನ್ನಿಂದ ಎಂಟು ಮೀಟರ್ ದೂರದಲ್ಲಿತ್ತು. ಬೇಲಿಸಾಲಿನ ಬುಡದಲ್ಲಿ ನಾನು ಮಲಗಿದ್ದೆ. ಅದು ಪಕ್ಕದ ಬಿಲದಿಂದ ಹೊರಗೆ ಬಂದು ಮೈ ಅಡ್ಡಲಾಗಿ ಕೂತಿತು. ಸ್ಕೋಪ್ (ಬಂದೂಕಿನ ಮೇಲಿನ ದುರ್ಬೀನು) ತುಂಬಾ ಬರೀ ಅದರ ತಲೆ. ಮೀಸೆಯ ಕೂದಲು ಎಣಿಸುವಷ್ಟು ಹತ್ತಿರ. ಕಣ್ಣು ಮತ್ತು ಕಿವಿಯ ಬುಡದ ನಡುವೆ ಗುರಿ ಹಿಡಿದೆ. ಕೈ ಅಲುಗಲಿಲ್ಲ, ಉಸಿರು ಸರಿ ಇತ್ತು. ಬಂದೂಕಿನ ಕುದುರೆ ಎಳೆದೆ.

ಮೊಲ ಒಮ್ಮೆ ಪಲ್ಟಿ ಹೊಡೆಯಿತು. ಆಮೇಲೆ ಎದ್ದು ಬಿಲದೊಳಗೆ ಹೋಯಿತು.

ಹುಲ್ಲಿನ ಮೇಲೆ ರಕ್ತ ಇತ್ತು, ಒಂದು ಹಲ್ಲಿನ ಚೂರು ಇತ್ತು. ಅಂದರೆ ಪೆಲೆಟ್ (ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು) ದವಡೆಗೆ ಬಿದ್ದಿತ್ತು. ಭುಜದವರೆಗೆ ಕೈ ಹಾಕಿ ಬಿಲ ತಡಕಿದೆ. ಮರಳು ಬಿಟ್ಟರೆ ಏನೂ ಸಿಗಲಿಲ್ಲ. ಕತ್ತಲಾಗುವವರೆಗೆ ಕಾದೆ. ಮರುದಿನ ಬೆಳಗ್ಗೆ ಐದು ಗಂಟೆಗೇ ಹೋಗಿ ಕಾದೆ. ಅದು ಹೊರಗೆ ಬರಲಿಲ್ಲ. ದವಡೆ ಮುರಿದ ಮೊಲ ಮೇಯಲಾರದು. ಒಳಗೆ ಎಷ್ಟು ದಿನ ನರಳಿತೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಇದು 2017ರ ಮಾತು. ಈಗಲೂ ಆ ಬಿಲದ ಬಾಯಿ ಹತ್ತಿರ ನಡೆಯುವಾಗ ನನಗೆ ಆ ಹಲ್ಲು ನೆನಪಾಗುತ್ತದೆ.

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಊರು ತೀರ್ಥಹಳ್ಳಿ ಕಡೆ. ಕೆಲಸ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಅಲ್ಲಿಂದ ಒಂದು ಗಂಟೆ ದಾರಿಯಲ್ಲಿ, ಸಫೋಕ್‌ನ ಉತ್ತರಕ್ಕೆ, ಬ್ರೆಕ್‌ಲ್ಯಾಂಡ್ ಎಂಬ ಮರಳು ನೆಲದ ಸೀಮೆ ಇದೆ. ಅಲ್ಲಿನ ಒಬ್ಬ ರೈತರ ಹೊಲದಲ್ಲಿ 2016ರಿಂದ ಮೊಲ ಹೊಡೆಯುತ್ತಿದ್ದೇನೆ. ಅವರ ಲಿಖಿತ ಅನುಮತಿ ಇದೆ. ಬಾರ್ಲಿ ಮೊಳಕೆ, ಸಕ್ಕರೆ ಬೀಟ್‌ನ ಎಲೆ, ಎಲ್ಲಕ್ಕೂ ಮೊಲದ ಕಾಟ. ತನ್ನ ಜಮೀನಿನ ಮೊಲಗಳನ್ನು ಹತೋಟಿಯಲ್ಲಿಡುವುದು ಅಲ್ಲಿ 1954ರ ಕಾನೂನಿನ ಪ್ರಕಾರ ರೈತನದೇ ಹೊಣೆ.

ಭಾರತದಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮೊಲ ಹೊಡೆಯುವುದು ಅಪರಾಧ. ಏರ್‌ಗನ್‌ನಲ್ಲಿ ಹೊಡೆದರೂ ಅಪರಾಧವೇ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಲೈಸೆನ್ಸ್‌ಗೆ ಮಾತ್ರ, ಬೇಟೆಗಲ್ಲ. ನಾನು ಬರೆಯುತ್ತಿರುವುದು ಇಂಗ್ಲೆಂಡಿನ ಹೊಲದ ಕಥೆ, ಅಲ್ಲಿಗೇ ಸೀಮಿತ.

ಇನ್ನೊಂದು ವಿಷಯ. ಕನ್ನಡದಲ್ಲಿ ಎರಡು ಬೇರೆ ಪ್ರಾಣಿಗಳಿಗೆ ನಾವು ‘ಮೊಲ’ ಎಂಬ ಒಂದೇ ಹೆಸರು ಇಟ್ಟಿದ್ದೇವೆ. ನಮ್ಮೂರಿನ ಮೊಲ ಬಿಲ ತೋಡುವುದಿಲ್ಲ. ಪೊದೆಯ ಬುಡದಲ್ಲಿ ಮಲಗುತ್ತದೆ, ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ. ಇಲ್ಲಿ ನಾನು ಹೇಳುವ ಮೊಲ ‘ರ‍್ಯಾಬಿಟ್’. ಇದು ನೆಲದೊಳಗೆ ಊರನ್ನೇ ಕಟ್ಟಿಕೊಂಡಿರುತ್ತದೆ. ಮರಿ ಹುಟ್ಟುವಾಗ ಕುರುಡು, ಮೈಮೇಲೆ ಕೂದಲಿಲ್ಲ. ಈ ವ್ಯತ್ಯಾಸ ಬೇಟೆಗಾರನಿಗೆ ಬಹಳ ಮುಖ್ಯ. ಗಾಯಗೊಂಡ ಪ್ರಾಣಿ ಮೇಲೆಯೇ ಓಡಿದರೆ ಹಿಂಬಾಲಿಸಿ ಹೋಗಬಹುದು. ನನ್ನ ಅಜ್ಜ ಕೇಪಿನ ಕೋವಿಯ ಕಾಲದವರು. ಗಾಯವಾದ ಹಂದಿಯ ಹಿಂದೆ ಎರಡು ದಿನ ಅಲೆದದ್ದನ್ನು ಹೇಳುತ್ತಿದ್ದರು. ಈ ಮೊಲದ ವಿಷಯದಲ್ಲಿ ಆ ಅವಕಾಶವೇ ಇಲ್ಲ. ನಾಲ್ಕು ನೆಗೆತ, ಬಿಲದೊಳಗೆ. ಅಲ್ಲಿಗೆ ನಮ್ಮ ಕೈ ಮೀರಿತು.

ನನ್ನದು ಏರ್ ರೈಫಲ್, .177 ಕ್ಯಾಲಿಬರ್, ಅಂದರೆ ನಳಿಗೆಯ ತೂತು .177 ಇಂಚು. ಅಲ್ಲಿ ಸರ್ಟಿಫಿಕೇಟ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್‌ನ ಬಲದ ಮಿತಿ 12 ಫುಟ್-ಪೌಂಡ್, ಅಂದರೆ ಸುಮಾರು 16 ಜೂಲ್. (ಸ್ಕಾಟ್ಲೆಂಡ್‌ನಲ್ಲಿ 2016ರ ಕೊನೆಯಿಂದ ಇದಕ್ಕೂ ಸರ್ಟಿಫಿಕೇಟ್ ಬೇಕು.) ಇಷ್ಟು ಕಡಿಮೆ ಬಲಕ್ಕೆ ತಪ್ಪನ್ನು ಮುಚ್ಚಿಕೊಳ್ಳುವ ಶಕ್ತಿ ಇಲ್ಲ. ಎದೆಗೆ ಹೊಡೆದರೆ ಮೊಲ ಸಾಯಬಹುದು, ಆದರೆ ಬಿಲ ಸೇರಿದ ಮೇಲೆ. ಹೊಟ್ಟೆಗೆ ಬಿದ್ದರಂತೂ ಹೇಳುವುದೇ ಬೇಡ. ಉಳಿದಿರುವುದು ಮಿದುಳು ಒಂದೇ. ಅದು ಸುಲಿದ ಅಡಿಕೆಗಿಂತ ತುಸು ದೊಡ್ಡದು. ಪಕ್ಕದಿಂದ ನೋಡಿದರೆ ಕಣ್ಣು ಮತ್ತು ಕಿವಿಯ ಬುಡದ ನಡುವೆ ಇರುತ್ತದೆ. ಹಿಂದಿನಿಂದಾದರೆ ಎರಡು ಕಿವಿಗಳ ನಡುವೆ, ತಲೆಬುರುಡೆಯ ಬುಡದಲ್ಲಿ. ಎದುರಿನಿಂದ ನಾನು ಹೊಡೆಯುವುದೇ ಇಲ್ಲ. ಮೂಗಿನ ಉದ್ದನೆಯ ಮೂಳೆ ಮಿದುಳಿಗೆ ಅಡ್ಡ ನಿಲ್ಲುತ್ತದೆ. ತಲೆ ಸ್ವಲ್ಪ ಎತ್ತಿದರೂ ತಗ್ಗಿಸಿದರೂ ಲೆಕ್ಕ ತಪ್ಪುತ್ತದೆ.

ಹಾಗಾದರೆ ಅಷ್ಟು ಹತ್ತಿರದ ಮೊಲಕ್ಕೆ ಗುರಿ ಹೇಗೆ ತಪ್ಪಿತು? ಎರಡು ದಿನ ಬಿಟ್ಟು ಎಂಟು ಮೀಟರ್‌ನಲ್ಲಿ ಕಾಗದ ಇಟ್ಟು ಹೊಡೆದೆ. ಐದೂ ಪೆಲೆಟ್ ಒಂದೇ ತೂತಿನಲ್ಲಿ ಹೋದವು. ಆದರೆ ಆ ತೂತು ಗುರಿಗಿಂತ ಸುಮಾರು ಎರಡು ಸೆಂಟಿಮೀಟರ್ ಕೆಳಗಿತ್ತು. ಕಾರಣ ಸರಳ. ಸ್ಕೋಪ್ ಇರುವುದು ನಳಿಗೆಯ ಮೇಲೆ, ಐದು ಸೆಂಟಿಮೀಟರ್ ಎತ್ತರದಲ್ಲಿ. ನಾನು ಗುರಿ ಹೊಂದಿಸಿದ್ದು 27 ಮೀಟರ್‌ಗೆ. ಪೆಲೆಟ್ ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋಗಿ 15 ಮೀಟರ್ ಹತ್ತಿರ ನೋಟದ ಗೆರೆಯನ್ನು ಮುಟ್ಟುತ್ತದೆ. ಒಂದಿಷ್ಟು ಮೇಲೆ ಹೋಗಿ, 27ರಲ್ಲಿ ಮತ್ತೆ ಆ ಗೆರೆಗೆ ಇಳಿಯುತ್ತದೆ. ಆಮೇಲೆ ಬೀಳುತ್ತಲೇ ಇರುತ್ತದೆ. 35 ಮೀಟರ್‌ನಲ್ಲಿ ಪುನಃ ಎರಡು ಸೆಂಟಿಮೀಟರ್ ಕೆಳಗೆ. ಎಂಟು ಮೀಟರ್‌ನಲ್ಲಿ ಅದು ಇನ್ನೂ ಗೆರೆಯವರೆಗೆ ಏರಿಯೇ ಇರುವುದಿಲ್ಲ. ಕಣ್ಣು ಕಿವಿಯ ನಡುವಿನಿಂದ ಎರಡು ಸೆಂಟಿಮೀಟರ್ ಕೆಳಗೆ ಇರುವುದು ದವಡೆ.

ಇದನ್ನು ನಾನು ಓದಿದ್ದೆ. ಓದಿದ್ದು ಕೈಗೆ ಬಂದಿರಲಿಲ್ಲ. ಹತ್ತಿರ ಇದೆ, ಸುಲಭ ಅಂದುಕೊಂಡೆ. ಆ ಮೊಲಕ್ಕೆ ಆದ ನೋವಿಗೆ ಬೇರೆ ಕಾರಣ ಇಲ್ಲ.

ಎರಡು ತಿಂಗಳು ಬಂದೂಕು ಮುಟ್ಟಲಿಲ್ಲ. ಆಮೇಲೆ ಬೇರೆ ರೀತಿಯಲ್ಲಿ ಶುರು ಮಾಡಿದೆ. ಎರಡು ಪೆನ್ಸ್ ನಾಣ್ಯದ ಅಗಲ 26 ಮಿಲಿಮೀಟರ್, ಹೆಚ್ಚುಕಮ್ಮಿ ಅಡಿಕೆಯಷ್ಟೇ. ಅದನ್ನಿಟ್ಟು ಕಾಗದದ ಮೇಲೆ ಹತ್ತು ವೃತ್ತ ಬರೆದೆ. ಒಂದೊಂದು ವೃತ್ತಕ್ಕೆ ಒಂದೇ ಪೆಲೆಟ್. ಹತ್ತಕ್ಕೆ ಹತ್ತೂ ಒಳಗೆ ಬಿದ್ದರೆ ಮಾತ್ರ ಆ ದೂರ ನನ್ನದು. ಒಂಬತ್ತು ಬಿದ್ದರೆ ನನ್ನದಲ್ಲ, ಯಾಕೆಂದರೆ ಆ ಹತ್ತನೆಯದು ಒಂದು ಜೀವ. ಮಲಗಿ ಹೊಡೆದರೆ 27 ಮೀಟರ್‌ವರೆಗೆ ಹತ್ತೂ ಬಿದ್ದವು. ಮಂಡಿಯೂರಿ ಕೂತರೆ 18 ಮೀಟರ್‌ವರೆಗೆ ಮಾತ್ರ. ನಿಂತು ಹೊಡೆದರೆ 12 ಮೀಟರ್‌ನಲ್ಲೇ ಒಂದು ಹೊರಗೆ ಹೋಯಿತು. ಅವತ್ತಿನಿಂದ ನಿಂತು ಹೊಡೆಯುವುದನ್ನು ಬಿಟ್ಟೆ.

ಈ ಪರೀಕ್ಷೆಯನ್ನು ಆರಾಮಾಗಿ ಕೂತು ಮಾಡಬೇಡಿ. ಹೊಲ ಸುತ್ತಿ, ಏದುಸಿರು ಬಿಡುತ್ತಾ ಬಂದು ಮಲಗಿ, ಮೊದಲ ಪೆಲೆಟ್ ಎಲ್ಲಿ ಬೀಳುತ್ತದೆ ನೋಡಿ. ಮೊಲದ ಮುಂದೆ ನಮಗೆ ಸಿಗುವುದು ಆ ಮೊದಲನೆಯದು ಮಾತ್ರ. ಬಂದೂಕಿನ ಸಿಲಿಂಡರ್‌ನಲ್ಲಿ ತುಂಬಿದ ಗಾಳಿ ಇಳಿದರೆ ಪೆಲೆಟ್ ಕೂಡ ಕೆಳಗೆ ಬೀಳುತ್ತದೆ. ಹಾಗಾಗಿ ಪ್ರತಿ ಸಲ ತುಂಬಿಸಿಕೊಂಡೇ ಹೋಗುತ್ತೇನೆ.

ಹೊಲದಲ್ಲಿ ಈಗ ನಾನು ಮಲಗುವ ಜಾಗದಿಂದ ಅಳೆದು ಎರಡು ಗೂಟ ನೆಟ್ಟಿದ್ದೇನೆ. ಒಂದು 15 ಮೀಟರ್‌ಗೆ, ಇನ್ನೊಂದು 27ಕ್ಕೆ. ಅವೆರಡರ ನಡುವೆ ಪೆಲೆಟ್ ನೋಟದ ಗೆರೆಯಿಂದ ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ಆಚೀಚೆ ಹೋಗುವುದಿಲ್ಲ. ಅದರ ಆಚೆ ಇರುವ ಮೊಲವನ್ನು ಬಿಡುತ್ತೇನೆ. ಈಚೆ ಇರುವುದನ್ನೂ ಬಿಡುತ್ತೇನೆ. ಲೆಕ್ಕ ಹಾಕಿ ಸ್ವಲ್ಪ ಮೇಲೆ ಹಿಡಿದು ಹೊಡೆಯಬಹುದು, ಎಷ್ಟೋ ಜನ ಚೆನ್ನಾಗಿಯೇ ಹೊಡೆಯುತ್ತಾರೆ. ನನಗೆ ಆ ಲೆಕ್ಕದ ಮೇಲೆ ಇನ್ನೊಂದು ಮೊಲವನ್ನು ಪಣಕ್ಕಿಡುವ ಮನಸ್ಸಿಲ್ಲ.

ನಲವತ್ತೈದು ಮೀಟರ್‌ನಲ್ಲಿ ಹೊಡೆದೆ ಎಂದು ಹೇಳಿಕೊಳ್ಳುವವರು ಸಿಗುತ್ತಾರೆ. ಕಾಗದ ಅಲುಗುವುದಿಲ್ಲ, ಸರಿ. ಮೊಲ ಮೇಯುವುದನ್ನು ಹತ್ತು ನಿಮಿಷ ಸುಮ್ನೆ ನೋಡಿ. ಹುಲ್ಲು ಕಿತ್ತಿತು, ತಲೆ ಎತ್ತಿತು, ಅಗಿಯಿತು, ಒಂದು ಹೆಜ್ಜೆ ಮುಂದೆ ಹೋಯಿತು, ಮತ್ತೆ ತಗ್ಗಿಸಿತು. ನನ್ನ ಪೆಲೆಟ್ 27 ಮೀಟರ್ ದಾಟಲು ಸೆಕೆಂಡಿನ ಎಂಟನೇ ಒಂದು ಭಾಗ ಬೇಕು. ಅಷ್ಟರಲ್ಲಿ ಅಡಿಕೆಯಷ್ಟು ಜಾಗ ಸರಿದುಹೋಗುವುದು ಏನೂ ಕಷ್ಟವಲ್ಲ. ದೂರ ಹೆಚ್ಚಾದಷ್ಟೂ ಈ ಹೊತ್ತು ಹೆಚ್ಚುತ್ತದೆ. ಹಾಗಾಗಿ ಮೇಯುತ್ತಿರುವ ಮೊಲಕ್ಕೆ ನಾನು ಕಾಯುತ್ತೇನೆ. ನಾಲಿಗೆಯಿಂದ ಮೆಲ್ಲಗೆ ‘ಚ್’ ಅಂದರೆ ಅದು ತಲೆ ಎತ್ತಿ, ಕಿವಿ ನಿಮಿರಿಸಿ, ಒಂದೆರಡು ಸೆಕೆಂಡು ಕಲ್ಲಿನ ಹಾಗೆ ಕೂರುತ್ತದೆ. ಅಷ್ಟು ಹೊತ್ತು ಸಾಕು. ಕೂರದೆ ಓಡಿದರೆ ಓಡಲಿ.

ಗಾಳಿ ಇನ್ನೊಂದು. ಗಂಟೆಗೆ ಹದಿನೈದು ಕಿಲೋಮೀಟರ್ ವೇಗದ ಅಡ್ಡಗಾಳಿ ಇದ್ದರೆ ಈ ಹಗುರ ಪೆಲೆಟ್ 27 ಮೀಟರ್‌ನಲ್ಲಿ ಎರಡು ಮೂರು ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಬ್ರೆಕ್‌ಲ್ಯಾಂಡ್ ಬಯಲು ಸೀಮೆ, ಗಾಳಿ ಇಲ್ಲದ ಸಂಜೆ ಅಪರೂಪ. ಬೇಲಿಸಾಲಿನ ಎಲೆಗಳು ಆಡುತ್ತಿದ್ದರೆ ಬಂದೂಕನ್ನು ಚೀಲದಿಂದ ತೆಗೆಯುವುದೇ ಇಲ್ಲ.

ಹೊಡೆದ ಮೇಲಿನ ಕೆಲಸವನ್ನು ಜನ ಮರೆಯುತ್ತಾರೆ. ಮಿದುಳಿಗೆ ಸರಿಯಾಗಿ ಬಿದ್ದರೆ ಮೊಲ ಇದ್ದಲ್ಲೇ ಕುಸಿಯುತ್ತದೆ. ಹಿಂಗಾಲು ಮಾತ್ರ ಜೋರಾಗಿ ಒದ್ದಾಡಬಹುದು. ಮೊದಲ ಸಲ ನೋಡಿದಾಗ ನನಗೆ ಎದೆ ಹಿಂಡಿತ್ತು. ಅದು ನರಗಳ ಅದುರುವಿಕೆ, ಪ್ರಾಣಿಗೆ ಅರಿವಿರುವುದಿಲ್ಲ. ಆದರೆ ಅಂದಾಜಿನ ಮೇಲೆ ಬಿಡಬಾರದು. ಪೆಲೆಟ್ ತುಂಬಿಕೊಂಡು ತಕ್ಷಣ ಹತ್ತಿರ ಹೋಗುತ್ತೇನೆ. ಉಸಿರಾಟಕ್ಕೆ ಪಕ್ಕೆ ಏರಿಳಿಯುತ್ತಿದೆಯೇ ನೋಡುತ್ತೇನೆ. ಒಂದು ಹುಲ್ಲುಕಡ್ಡಿಯಿಂದ ಕಣ್ಣಿನ ಗುಡ್ಡೆಯನ್ನು ಮುಟ್ಟುತ್ತೇನೆ. ರೆಪ್ಪೆ ಅಲುಗಿದರೆ ಜೀವ ಇದೆ ಎಂದರ್ಥ. ಆಗ ಎರಡನೆಯದು ಕೂಡಲೇ ಬೀಳಬೇಕು. ಇಲ್ಲೂ ಸ್ಕೋಪ್ ಮೋಸ ಮಾಡುತ್ತದೆ. ಒಂದು ಮೀಟರ್‌ನಲ್ಲಿ ಪೆಲೆಟ್ ನಾಲ್ಕು ಸೆಂಟಿಮೀಟರ್‌ಗೂ ಹೆಚ್ಚು ಕೆಳಗಿರುತ್ತದೆ. ನಳಿಗೆಯ ಗುಂಟ ಕಣ್ಣಿಟ್ಟು, ಹಿಂದೆ ಕಲ್ಲಿಲ್ಲ ಎಂದು ನೋಡಿಕೊಂಡು ಹೊಡೆಯಬೇಕು. ಕುತ್ತಿಗೆ ಎಳೆದು ಕೊಲ್ಲುವ ವಿಧಾನವನ್ನು ಆ ರೈತರು ನನಗೆ ಕಲಿಸಿದರು. ಸತ್ತ ಮೊಲದ ಮೇಲೆ ಕಲಿತೆ. ಬದುಕಿರುವುದರ ಮೇಲೆ ಕಲಿಯುವ ವಿದ್ಯೆ ಅಲ್ಲ ಅದು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಗುರಿಯದ್ದಲ್ಲ, ಮರಿಗಳದ್ದು. ಮೊಲ ಮುಖ್ಯವಾಗಿ ಜನವರಿಯಿಂದ ಆಗಸ್ಟ್‌ವರೆಗೆ ಮರಿ ಹಾಕುತ್ತದೆ. ತಾಯಿ ದಿನಕ್ಕೊಂದು ಸಲ, ಕೆಲವೇ ನಿಮಿಷ ಬಂದು ಹಾಲು ಕೊಟ್ಟು ಹೋಗುತ್ತದೆ. ಅಂಥ ತಾಯಿಯ ಮಿದುಳಿಗೆ ನಾನು ಎಷ್ಟೇ ಸರಿಯಾಗಿ ಹೊಡೆದರೂ, ನೆಲದೊಳಗಿನ ನಾಲ್ಕೈದು ಮರಿಗಳು ಹಸಿದು ಸಾಯುತ್ತವೆ. ಒಮ್ಮೆ ಏಪ್ರಿಲ್‌ನಲ್ಲಿ ಹೊಡೆದದ್ದನ್ನು ಸುಲಿಯುವಾಗ ಮೊಲೆಯಿಂದ ಹಾಲು ಒಸರಿತು. ಆ ವಾರ ಊರಿಗೆ ಫೋನ್ ಮಾಡಿದ್ದೆ. ಮೊಲದ ಸಾರು ಮಾಡಿದ್ಯಾ ಎಂದು ಕೇಳಿದ ಅಮ್ಮನಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಮರಿ ಇರೋ ಕಾಲದಲ್ಲಿ ಹೋಗ್ಬೇಡ ಮಗಾ’ ಅಂದಳು.

ರೈತರಿಗೆ ಬೆಳೆ ಮುಖ್ಯ, ನಷ್ಟ ಅವರದು. ಅವರೊಡನೆ ಕೂತು ಮಾತಾಡಿದೆ. ಈಗ ನಾನು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹೆಚ್ಚು ಹೋಗುತ್ತೇನೆ. ಮರಿ ಹಾಕುವ ಮೊದಲೇ ಸಂಖ್ಯೆ ಇಳಿದರೆ ವಸಂತದಲ್ಲಿ ಕಾಟವೂ ಕಡಿಮೆ. ವಸಂತದಲ್ಲಿ ಬೆಳೆ ಕಾಯುವ ಕೆಲಸ ಬೇಲಿಯದು. ಹೊಲದ ಪಶ್ಚಿಮಕ್ಕೆ ಹೀದರ್ ಎಂಬ ಕುರುಚಲು ಗಿಡ ಬೆಳೆದ ಬಯಲಿದೆ. ಆ ಕಡೆಯಿಂದ ಬರುವ ಮೊಲವನ್ನು ನಾನು ಯಾವ ಕಾಲದಲ್ಲೂ ಮುಟ್ಟುವುದಿಲ್ಲ. ಬ್ರೆಕ್‌ಲ್ಯಾಂಡ್‌ನ ಬಯಲುಗಳಲ್ಲಿ ಹುಲ್ಲು ಮೋಟಾಗಿದ್ದರೆ ಮಾತ್ರ ಬದುಕುವ ಗಿಡ, ಹುಳುಗಳಿವೆ. ಅವಕ್ಕೆ ಮೊಲ ಮೇಯಬೇಕು. ರೋಗದಿಂದ ಮೊಲ ಕಡಿಮೆಯಾದ ಕಡೆ ಅಲ್ಲಿನ ಸಂರಕ್ಷಣೆಯವರು ಕೊಂಬೆಗಳ ರಾಶಿ ಹಾಕಿ ಅವುಗಳಿಗೆ ಆಸರೆ ಮಾಡಿಕೊಡುತ್ತಿದ್ದಾರೆ. ಒಂದು ಬೇಲಿಯ ಈಚೆ ಕಾಟ, ಆಚೆ ಆಸ್ತಿ.

ಹೊಡೆದದ್ದನ್ನೆಲ್ಲ ತಿನ್ನುತ್ತೇವೆ. ತಲೆಗೆ ಬಿದ್ದ ಸೀಸದ ಚೂರು ತಲೆಯೊಂದಿಗೇ ಹೋಗುತ್ತದೆ, ಮಾಂಸ ಕೆಡುವುದಿಲ್ಲ. ಊರಿನಿಂದ ಬಂದ ಕಾಳುಮೆಣಸು ಜಜ್ಜಿ ಹಾಕಿದ ಸಾರು, ಜೊತೆಗೆ ಅಕ್ಕಿ ರೊಟ್ಟಿ.

ಈ ಫೆಬ್ರವರಿಯಲ್ಲಿ ಬಂದೂಕು ಮನೆಯಲ್ಲೇ ಇದೆ. ಕಳೆದ ಎರಡು ಶನಿವಾರ ರೈತರ ಜೊತೆ ಬಾರ್ಲಿ ಹೊಲಕ್ಕೆ ತಂತಿ ಬಲೆ ಕಟ್ಟಿದೆ. ಬಲೆ ನೆಲದಿಂದ 90 ಸೆಂಟಿಮೀಟರ್ ಎತ್ತರ ಇರಬೇಕು. ಬುಡದ 15 ಸೆಂಟಿಮೀಟರ್ ಭಾಗವನ್ನು ಮೊಲ ಬರುವ ಕಡೆಗೆ ಮಡಚಿ ನೆಲಕ್ಕೆ ಹಾಸಬೇಕು, ಆಗ ಅದು ಬುಡದಲ್ಲಿ ತೋಡಿ ಒಳಗೆ ನುಗ್ಗುವುದಿಲ್ಲ. ಇನ್ನು ಅರವತ್ತು ಮೀಟರ್ ಬಾಕಿ ಇದೆ.