ತಳದಲ್ಲಿ ಕಂಡ ಹೆಸರು

ನಾನು ಮೊದಲು ಕೊಂಡ ಪ್ಯೂಟರ್ ಟೀ ಪಾಟ್ ಈಗ ಇಲ್ಲ. ತೊಳೆದು, ಬೇಗ ಒಣಗಲಿ ಅಂತ ಎಲೆಕ್ಟ್ರಿಕ್ ಒಲೆ ಮೇಲಿಟ್ಟು ಫೋನಿನಲ್ಲಿ ಮಾತಿಗೆ ಕೂತೆ. ಬಂದು ನೋಡಿದರೆ ತಳ ಕುಸಿದು ಒಲೆಗೆ ಅಂಟಿತ್ತು. ತವರ ಕರಗೋಕೆ 232 ಡಿಗ್ರಿ ಸೆಲ್ಸಿಯಸ್ ಸಾಕು, ಪ್ಯೂಟರ್ ಅನ್ನೋ ಮಿಶ್ರಲೋಹದಲ್ಲಿ ಮುಕ್ಕಾಲಿಗಿಂತ ಜಾಸ್ತಿ ತವರವೇ. ಬೀದಿಯಲ್ಲಿ ತವರ ಕರಗಿಸಿ ಪಾತ್ರೆಗೆ ಕಲಾಯಿ ಹಾಕೋದನ್ನ ನೋಡಿ ಬೆಳೆದವನಿಗೆ ಇಷ್ಟು ತಿಳಿದಿರಬೇಕಿತ್ತು, ಅಲ್ವಾ?

ಎರಡನೆಯದು ಮ್ಯಾಸಚೂಸೆಟ್ಸ್‌ನಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿತು. ಮಸಿ ಬಳಿದ ಹಾಗಿತ್ತು. ಈ ಸಲ ಸ್ಟೀಲ್ ನಾರು, ಪಾಲಿಷ್ ಯಾವುದೂ ಮುಟ್ಟಿಸಲಿಲ್ಲ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಹತ್ತಿಬಟ್ಟೆ, ಅಷ್ಟೇ. ಆ ಬೂದು ಬಣ್ಣ ಬರೋಕೆ ಹತ್ತಾರು ವರ್ಷ ಬೇಕು, ತೆಗೆಯೋಕೆ ಅರ್ಧ ಗಂಟೆ.

ಆಮೇಲೆ ಬೋರಲು ಹಾಕಿ ಟಾರ್ಚನ್ನು ಓರೆಯಾಗಿ ಹಿಡಿದೆ. ನೇರ ಬೆಳಕಿನಲ್ಲಿ ಏನೂ ಕಾಣದ ತಳದಲ್ಲಿ ಸಣ್ಣ ಅಕ್ಷರಗಳು ಎದ್ದವು: ಆರ್. ಗ್ಲೀಸನ್. ರಾಸ್‌ವೆಲ್ ಗ್ಲೀಸನ್ (1799–1887), ಬಾಸ್ಟನ್ ಪಕ್ಕದ ಡಾರ್ಚೆಸ್ಟರ್‌ನಲ್ಲಿ ಪ್ಯೂಟರ್ ಪಾತ್ರೆ ಮಾಡುತ್ತಿದ್ದವನು. ಅವನ ಕಾಲಕ್ಕೆ ಬಂದದ್ದು ಬ್ರಿಟಾನಿಯಾ ಅನ್ನೋ ಮಿಶ್ರಲೋಹ: ಸೀಸ ಇಲ್ಲ, ತವರಕ್ಕೆ ಆಂಟಿಮನಿ ಅನ್ನೋ ಗಡಸು ಧಾತು, ಒಂದಿಷ್ಟು ತಾಮ್ರ. ಅಚ್ಚಿಗೆ ಸುರಿಯೋದರ ಬದಲು ತಗಡನ್ನು ಲೇತ್ ಮೇಲೆ, ಮರದ ಅಚ್ಚಿಗೆ ಒತ್ತಿ ತಿರುಗಿಸಿ ಹೊಟ್ಟೆ ಮಾಡುತ್ತಿದ್ದರು. ನನ್ನ ಪಾಟ್‌ನ ನಡುವಿನಲ್ಲಿ ಬೆಸುಗೆಯ ಗೆರೆ ಬೆರಳಿಗೆ ತಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಒಳಗೆ, ಮೂತಿ ಸೇರುವ ಕಡೆ, ಎಲೆ ತಡೆಯುವ ತೂತುಗಳು. ಒಂದು ದೊಡ್ಡದು, ಒಂದು ಚಿಕ್ಕದು, ಸಾಲೂ ಓರೆ. ಯಾರೋ ಕೈಯಲ್ಲೇ ಕೊರೆದಿದ್ದಾರೆ.

ಇದಕ್ಕೂ ಹಿಂದಿನವು ಸಿಗೋದು ಕಷ್ಟ. ಬ್ರಿಟಿಷರ ಆಳ್ವಿಕೆಯಲ್ಲಿ ಕಚ್ಚಾ ತವರದ ಮೇಲೆ ಸುಂಕ ಇತ್ತು. ಹಾಗಾಗಿ ಅಮೆರಿಕದ ಕಸುಬುದಾರರು ಸವೆದ ತಟ್ಟೆ, ಲೋಟಗಳನ್ನು ಕರಗಿಸಿ ಹೊಸದು ಮಾಡುತ್ತಿದ್ದರು. ಅಂಥ ಹಳೇ ಕಸುಬುದಾರ, ಫಿಲಡೆಲ್ಫಿಯಾದ ವಿಲಿಯಂ ವಿಲ್ ಮಾಡಿದ ಪಾಟ್ ನೋಡಬೇಕೆಂದರೆ ಮ್ಯೂಸಿಯಂಗೇ ಹೋಗಬೇಕು, ನನ್ನ ಜೇಬಿಗೆ ಎಟುಕೋದಲ್ಲ.

ಹೊಟ್ಟೆಯಲ್ಲಿ ಒಂದು ನೆಗ್ಗು ಇತ್ತು. ಮರದ ಸೌಟಿಗೆ ಬಟ್ಟೆ ಸುತ್ತಿ ಒಳಗಿನಿಂದ ಮೆಲ್ಲಗೆ ಒತ್ತಿದೆ, ಮುಕ್ಕಾಲು ಪಾಲು ಸರಿಹೋಯಿತು. ಉಳಿದದ್ದನ್ನು ಬಿಟ್ಟೆ. ಇದರಲ್ಲಿ ಟೀ ಮಾತ್ರ ಮಾಡೋದಿಲ್ಲ, ಹಳೇ ಬೆಸುಗೆಯಲ್ಲಿ ಸೀಸ ಇರಬಹುದು.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಕಪ್ಪಗಿದೆಯಲ್ಲೋ, ಕಲಾಯಿ ಹಾಕಿಸು" ಅಂದರು. "ಅಮ್ಮಾ, ಇದು ಪೂರ್ತಿ ಕಲಾಯಿನೇ" ಅಂದೆ.